ಸಣ್ಣಳಿವೆಯ ನವೆಂಬರ್ ಹನ್ನೆರಡು

ಆಗಿಹೋದ ದಿನದ ಗಾಳಿಮಳೆಯನ್ನು ಮತ್ತೆ ಬೀಸಿ ತೋರಿಸುವ ಯಂತ್ರವೊಂದು ಬಂದರೆ ಜನ ಏನು ಮಾಡುತ್ತಾರೆ? ಇತಿಹಾಸ ಕಲಿಯುತ್ತಾರೆ, ನಿಸರ್ಗದ ಮುಂದೆ ತಲೆಬಾಗುತ್ತಾರೆ ಎಂದು ಸರ್ಕಾರಕ್ಕೆ ಕೊಟ್ಟ ಯೋಜನೆಯಲ್ಲಿ ನಾವು ಚಂದವಾಗಿ ಬರೆದಿದ್ದೆವು. ನಿಜಕ್ಕೂ ಜನ ಮಾಡಿದ್ದು ಜಗಳ. 'ಮರುಗಾಳಿ' ಶುರುವಾದ ಮೊದಲ ವರ್ಷ ಕಾರವಾರದ ನಮ್ಮ ಕೇಂದ್ರಕ್ಕೆ ಬಂದವರಲ್ಲಿ ಅರ್ಧಕ್ಕರ್ಧ ಜನ ತಮ್ಮ ಮದುವೆ ದಿನದ ಮಳೆ ನೋಡಲು ಬಂದವರು. ಚಪ್ಪರ ಹಾರಿದ್ದು ಗಾಳಿಗೋ, ಹೆಣ್ಣಿನ ಕಡೆಯವರ ಜಿಪುಣತನಕ್ಕೋ ಎಂಬ ಮೂವತ್ತು ವರ್ಷದ ವ್ಯಾಜ್ಯ ನಮ್ಮ ಹಾಲ್‌ನಲ್ಲಿ ತೀರ್ಮಾನವಾಗುತ್ತಿತ್ತು. ಗಾಳಿ ಬೀಸಿರಲೇ ಇಲ್ಲ ಎಂದು ಗೊತ್ತಾದ ಮೇಲೆ ಒಬ್ಬ ಮಾವನವರು ಅಳಿಯನ ಜತೆ ಒಂದೇ ಕಾರಿನಲ್ಲಿ ವಾಪಸು ಹೋಗಲಿಲ್ಲ.

ಯಂತ್ರದ ಗುಟ್ಟು ಹೇಳಿಬಿಡುತ್ತೇನೆ, ದೊಡ್ಡ ಗುಟ್ಟೇನಲ್ಲ. ಕಡಲಿನ ಅಲೆಗಳು ಎದ್ದು ಬಿದ್ದು ಮಾಡುವಾಗ ನೆಲ ಸಣ್ಣಗೆ ನಡುಗುತ್ತದೆ. ನಮ್ಮ ಕಾಲಿಗೆ ತಿಳಿಯುವುದಿಲ್ಲ. ಆದರೆ ಭೂಕಂಪ ಅಳೆಯುವ ಉಪಕರಣಗಳು ನೂರು ವರ್ಷಕ್ಕೂ ಮಿಕ್ಕಿ ಆ ನಡುಕವನ್ನು ಕಾಗದದ ಮೇಲೆ ಗೀಚುತ್ತಲೇ ಬಂದಿವೆ. ಭೂಕಂಪ ಹುಡುಕುವವರಿಗೆ ಆ ಗೀಚು ಬರೀ ಕಸ. ನಮಗೆ ಅದೇ ಬಂಗಾರ. ಅದಕ್ಕೆ ಹಡಗುಗಳು ಅಳೆದಿಟ್ಟ ಗಾಳಿಯ ಒತ್ತಡ, ದೀಪಸ್ತಂಭದವರು ಬರೆದ ಗಾಳಿಯ ದಿಕ್ಕು, ಬಂದರುಗಳ ಉಬ್ಬರವಿಳಿತ ಎಲ್ಲವನ್ನೂ ಸೇರಿಸಿ ಯಂತ್ರಕ್ಕೆ ಕೊಡುತ್ತೇವೆ. ಅದು ಆ ದಿನಕ್ಕೆ ಲಕ್ಷಾಂತರ ಆಕಾಶಗಳನ್ನು ಕಲ್ಪಿಸಿಕೊಂಡು, ಲೆಕ್ಕಕ್ಕೆ ಹೊಂದದ ಒಂದೊಂದನ್ನೇ ಎಸೆಯುತ್ತಾ ಹೋಗುತ್ತದೆ. ಕೊನೆಗೆ ಉಳಿಯುವುದೇ ಆ ದಿನ. ಕರಾವಳಿಯ ಹತ್ತಿರವಂತೂ ಒಂದು ಬಂಡೆಗೆ ಯಾವ ಅಲೆ ಬಡಿಯಿತು ಎಂಬಷ್ಟು ಸ್ಪಷ್ಟವಾಗಿ ಉಳಿಯುತ್ತದೆ.

ಹಾಲ್ ದುಂಡಗಿದೆ. ಸುತ್ತ ಪರದೆ, ಪರದೆಯ ಹಿಂದೆ ಆನೆ ಗಾತ್ರದ ಫ್ಯಾನುಗಳು, ನಡುವೆ ಹಿಡಿದುಕೊಳ್ಳಲು ಹಗ್ಗ. ದಿನಾ ಸಂಜೆ 'ಇದೇ ದಿನ' ಎಂಬ ಕಾರ್ಯಕ್ರಮ. ಕ್ಯಾಲೆಂಡರಿನ ಆ ತಾರೀಕಿಗೆ ಇತಿಹಾಸದಲ್ಲಿ ನಡೆದ ಘೋರ ಹವಾಮಾನವನ್ನು ಜನ ಹಗ್ಗ ಹಿಡಿದು ನಿಂತು ಅನುಭವಿಸುತ್ತಾರೆ. ಡಿಸೆಂಬರ್ ಇಪ್ಪತ್ತಮೂರು ಧನುಷ್ಕೋಡಿಯ ದಿನ. ಅಕ್ಟೋಬರ್ ಇಪ್ಪತ್ತೊಂಬತ್ತು ಒಡಿಶಾದ ಮಹಾ ಚಂಡಮಾರುತದ ದಿನ. ಏಪ್ರಿಲ್ ಮೂವತ್ತು ಮೊರಾದಾಬಾದಿನ ಆಲಿಕಲ್ಲು. ಅಂದು ಹತ್ತಿಯ ಉಂಡೆಗಳನ್ನು ಸುರಿಸುತ್ತೇವೆ, ಅಷ್ಟಕ್ಕೇ ಮಕ್ಕಳು ಅಮ್ಮಂದಿರ ಸೆರಗಿನೊಳಗೆ ಸೇರಿಕೊಳ್ಳುತ್ತವೆ. ಆ ಕ್ಯಾಲೆಂಡರಿನ ಉಸ್ತುವಾರಿ ನನ್ನದು. ನನ್ನ ಹೆಸರು ಸುಮಿತ್ರಾ ನಾಯಕ. ಬಿರುಗಾಳಿಗಳ ಗುಮಾಸ್ತಿ ಎಂದು ಮನೆಯಲ್ಲಿ ತಮಾಷೆ ಮಾಡುತ್ತಾರೆ, ಮಾಡಲಿ.

ತುಳಸಜ್ಜಿ ಬಂದದ್ದು ಸೆಪ್ಟೆಂಬರಿನ ಒಂದು ಬೆಳಗ್ಗೆ. ಎಂಬತ್ತು ದಾಟಿದ ಹೆಂಗಸು, ಸಪೂರ ಮೈ, ಕಿವಿಯಲ್ಲಿ ಬಂಗಾರದ ಬುಗುಡಿ. ಕಚೇರಿಗೆ ನೇರ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತು, ಯಾರನ್ನೂ ಕೇಳದೆ ನನ್ನ ನೀರಿನ ಬಾಟಲಿ ತೆಗೆದು ಕುಡಿದಳು.

"ತಂಗಿ, ಊರೂರ ಗಾಳಿ ಎಲ್ಲ ತೋರಿಸ್ತ್ರಿ. ನಮ್ಮೂರ ದಿನ ಎಂತಕ್ಕೆ ತೋರ್ಸೂದಿಲ್ಲ?"

"ಯಾವೂರು ಅಜ್ಜಿ?"

"ಸಣ್ಣಳಿವೆ."

ಕುಮಟೆಯಿಂದ ಆಚೆ, ಸಣ್ಣದೊಂದು ಹೊಳೆ ಕಡಲು ಸೇರುವಲ್ಲಿರುವ ಹರಿಕಂತ್ರ ಮೀನುಗಾರರ ಊರು ಅದು. ಹೊಳೆಬಾಯಿಯನ್ನು ಅಳಿವೆ ಅನ್ನುತ್ತಾರೆ. ಅಲ್ಲಿ ನೀರಿನಡಿ ಮರಳಿನ ದಿಬ್ಬ ಇರುವುದರಿಂದ ದೋಣಿ ಒಳಗೆ ತರುವುದು ನಾಜೂಕಿನ ಕೆಲಸ. ನಮ್ಮ ಪಟ್ಟಿಯಲ್ಲಿ ಆ ಊರಿನ ಯಾವ ಗಾಳಿಯೂ ಇರಲಿಲ್ಲ.

ಅಜ್ಜಿ ಹೇಳಿದ ಕತೆ ಇಷ್ಟು. ಅವಳು ಆರು ವರ್ಷದವಳಿದ್ದಾಗ ಕಾರ್ತಿಕ ಮಾಸದಲ್ಲಿ ಒಂದು ದಿನ ಮೂರು ದೋಣಿಗಳು ತಾರ್ಲೆ ಮೀನಿನ ಹಿಂಡಿನ ಬೆನ್ನುಹತ್ತಿ ಹೋಗಿದ್ದವು. ಅವಳ ಅಪ್ಪ ಜಟ್ಟಿ ಮುಂದಿನ ದೋಣಿಯ ತಾಂಡೇಲ, ಅಂದರೆ ಯಜಮಾನ. ಊರಿನ ಮನೆಮನೆಯವರೂ ಸೇರಿ ನೇಯ್ದ ದೊಡ್ಡ ಬಲೆ ಅವನ ದೋಣಿಯಲ್ಲಿತ್ತು, ಅದರ ತುಂಬ ಮೀನೂ ಇತ್ತು. ವಾಪಸು ಬರುವಾಗ ಗಾಳಿ ಎದ್ದಿತು. ಅಳಿವೆಯ ಬಾಯಿಗೆ ಬಂದವನು ಊರಿನ ಬಲೆಯನ್ನು ನೀರಿಗೆ ಚೆಲ್ಲಿ, ದೋಣಿ ತಿರುಗಿಸಿ ಕಡಲಿಗೆ ಓಡಿದ. ದಂಡೆಯ ಮೇಲೆ ನಿಂತವರು ಕಣ್ಣಾರೆ ನೋಡಿದ್ದರು. ಹಿಂದಿನ ಎರಡೂ ದೋಣಿಗಳು ಒಳಗೆ ಬಂದವು. ಜಟ್ಟಿ ಬರಲಿಲ್ಲ, ಅವನ ಜತೆಗಿದ್ದ ನಾಲ್ವರೂ ಬರಲಿಲ್ಲ. ಬಲೆ ಹೋಗಿ ಊರು ಎರಡು ವರ್ಷ ಗಂಜಿ ಕುಡಿಯಿತು.

"ವರ್ಷಾ ಆ ದಿನ ದಂಡೆ ಮೇಲೆ ನಿಂತು ಕಡಲಿಗೆ ಹೋದವ್ರ ಹೆಸರು ಕೂಗ್ತ್ರು ತಂಗಿ. ನಾಲ್ಕೂ ಹೆಸ್ರು ಕೂಗ್ತ್ರು. ನಮ್ಮಪ್ಪಂದು ಕೂಗೂದಿಲ್ಲ. ಹೆದರಿ ಓಡ್ದವ, ನಾಲ್ಕು ಜನ್ರನ್ನ ಕೊಂದವ ಅಂತ." ಅಜ್ಜಿ ಸೆರಗಿನಿಂದ ಬಾಯೊರೆಸಿಕೊಂಡಳು. "ನಾನು ಹೋಗೂದ್ರೊಳಗೆ ಒಂದೇ ಒಂದು ಸಲ ಆ ಹೆಸ್ರು ಕೇಳ್ಬೇಕು. ಅಪ್ಪ ಓಡೂ ಜಾತಿಯವ ಅಲ್ಲ. ನಿಮ್ಮ ಮಿಶನ್ನು ನೋಡ್ಲಿ. ಅದು ಸುಳ್ಳು ಹೇಳೂದಿಲ್ಲ ಅಲ್ದಾ?"

ನಮ್ಮ ಯಂತ್ರದ ಬಗ್ಗೆ ಯಾರಾದರೂ ಅಷ್ಟು ನಂಬಿಕೆಯಿಂದ ಮಾತಾಡಿದರೆ ನನಗೆ ತಲೆ ತಿರುಗುತ್ತದೆ. ತಕ್ಷಣ ಒಪ್ಪಿಕೊಂಡೆ. ಆ ದಿನ ಯಾವುದು ಎಂದು ಕೇಳಿದೆ. ಅಜ್ಜಿ ಸಂವತ್ಸರದ ಹೆಸರಿನ ಸಮೇತ, ಕಾರ್ತಿಕ ಬಹುಳ ಚೌತಿ ಎಂದು ಪಟಪಟನೆ ಹೇಳಿದಳು. ಪಂಚಾಂಗದ ಲೆಕ್ಕದಲ್ಲಿ ಆ ವರ್ಷ ಅದು ನವೆಂಬರ್ ಹದಿನೈದು.

ಯಂತ್ರ ಆ ದಿನವನ್ನು ಕಟ್ಟಲು ಒಂದು ವಾರ ತೆಗೆದುಕೊಂಡಿತು. ತೋರಿಸುವ ದಿನ ಅಜ್ಜಿಯ ಜತೆ ಊರಿನ ಯಜಮಾನ ಹಮ್ಮಣ್ಣನೂ ಬಂದ. ವರ್ಷವರ್ಷ ದಂಡೆಯ ಮೇಲೆ ನಿಂತು ಹೆಸರು ಕೂಗುವವನು ಅವನೇ. ಬಿಳಿ ಅಂಗಿ, ಬಿಗಿದ ಮುಖ, ಅರವತ್ತರ ಮೇಲಿನ ವಯಸ್ಸು. ಒಳಗೆ ಬಂದ ಆ ದೋಣಿಗಳಲ್ಲಿ ಒಂದರ ಮೇಲೆ ಅವನ ಅಜ್ಜನಿದ್ದ.

"ತುಳಸಕ್ಕನ ಮೇಲೆ ನಂಗೆ ದ್ವೇಷ ಇಲ್ಲ ಅಕ್ಕೋರೆ," ಎಂದ ನನಗೆ. "ಆದ್ರೆ ಸತ್ತ ನಾಲ್ವರ ಮನೆಯವ್ರೂ ಅದಾರೆ. ಅವ್ರ ಎದ್ರಿಗೆ ಆ ಹೆಸ್ರು ಹೆಂಗೆ ಕೂಗೂದು?" ನ್ಯಾಯವಾದ ಮಾತು, ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ.

ದೀಪ ಆರಿತು. ಪರದೆಯ ಮೇಲೆ ಸಣ್ಣಳಿವೆ ಮೂಡಿತು. ಅಜ್ಜಿ ಹಗ್ಗವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. ಫ್ಯಾನುಗಳು ತಿರುಗಲೇ ಇಲ್ಲ. ತಿಳಿ ಆಕಾಶ, ಮಟ್ಟಸವಾದ ನೀರು, ದಂಡೆಗೆ ನೊರೆ ಕೂಡ ಬರುತ್ತಿಲ್ಲ. ಯಂತ್ರವನ್ನು ಬೆಳಗಿನಿಂದ ಸಂಜೆಯವರೆಗೆ ಓಡಿಸಿದೆವು. ಇಡೀ ದಿನ ತೆಂಗಿನ ಗರಿ ಅಲ್ಲಾಡಿಸುವಷ್ಟು ಗಾಳಿಯೂ ಇರಲಿಲ್ಲ.

ಹಮ್ಮಣ್ಣ ತಾನು ಹಿಡಿದಿದ್ದ ಹಗ್ಗ ಬಿಟ್ಟ. ಆಮೇಲೆ ಮೆಲ್ಲಗೆ, "ಗಾಳೀನೇ ಇಲ್ಲ ತುಳಸಕ್ಕಾ," ಎಂದ. ಅವನ ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ, ಅದು ಇನ್ನೂ ಕಷ್ಟವಾಯಿತು. ಬಿರುಗಾಳಿಗೆ ಹೆದರಿ ಓಡಿದ ಎಂಬುದೇ ಅವಮಾನ. ಗಾಳಿಯೇ ಇಲ್ಲದ ದಿನ ಬಲೆ ಚೆಲ್ಲಿ ಓಡಿದ ಎಂದರೆ ಅದಕ್ಕೆ ಹೆಸರೇ ಇಲ್ಲ.

ಅಜ್ಜಿ ಪರದೆಯ ಹತ್ತಿರ ಹೋಗಿ ಆ ತಣ್ಣಗಿನ ನೀರನ್ನು ನೋಡುತ್ತಾ ನಿಂತಳು. "ಈ ಕಡಲು ನಂಗೆ ಗೊತ್ತದೆ. ಇದನ್ನ ನಾನು ನೋಡಿದ್ದೆ," ಎಂದಳು. ಸೋಲೊಪ್ಪಿಕೊಂಡಳು ಎಂದೇ ನಾನು ತಿಳಿದೆ. ಕುಡಿಯಲು ಏನಾದರೂ ತರಿಸಲೇ ಎಂದು ಕೇಳಿದರೆ ಬೇಡವೆಂದು ತಲೆಯಾಡಿಸಿ, ಹಮ್ಮಣ್ಣನ ಕಾರೂ ಹತ್ತದೆ ಬಸ್‌ಸ್ಟ್ಯಾಂಡಿನ ಕಡೆ ನಡೆದುಹೋದಳು.

ಮನೆಗೆ ಬಂದಾಗ ನನ್ನ ಮುಖ ಹೇಗಿತ್ತೋ, ಅತ್ತೆ ಬಾಗಿಲಲ್ಲೇ ಹಿಡಿದರು. ನಮ್ಮತ್ತೆಗೆ ಎಂಬತ್ತೆರಡು. ಅಡುಗೆಮನೆಯ ರಾಜ್ಯ ಇನ್ನೂ ಬಿಟ್ಟುಕೊಟ್ಟಿಲ್ಲ. ಬಂಗಡೆಗೆ ಮಸಾಲೆ ಹಚ್ಚುತ್ತಾ ನನ್ನ ಕತೆ ಎಲ್ಲ ಕೇಳಿದರು. ನಾನು ಆ ಮುದುಕಿಯ ಮುಖ ಮರೆಯಲಾರದೆ ಅತ್ತೇ ಬಿಟ್ಟೆ. ಯಂತ್ರ ಸರಿಯಾಗಿದೆ, ಮೂರು ಸಲ ಪರೀಕ್ಷೆ ಮಾಡಿದ್ದೇವೆ, ಅದಕ್ಕೇ ಅಳು ಬರುತ್ತಿದೆ ಎಂದೆ.

"ಅತ್ತು ಮೀನಿಗೆ ಉಪ್ಪು ಜಾಸ್ತಿ ಮಾಡ್ಬೇಡ," ಎಂದರು ಅತ್ತೆ. "ಆ ದಿನ ಅಂದ್ಯಲ್ಲ, ಅದು ಗಾಳಿ ಬಂದ ದಿನವೋ, ತಿಥಿ ಮಾಡೂ ದಿನವೋ?"

"ಎರಡೂ ಒಂದೇ ಅಲ್ವಾ?"

"ಹೆಣ ಸಿಕ್ಕಿದ್ರೆ ಒಂದೇ." ಅತ್ತೆ ಮೀನು ಮಗುಚಿ ಇನ್ನೊಂದು ಬದಿಗೆ ಮಸಾಲೆ ಹಚ್ಚಿದರು. "ನಮ್ಮ ದೊಡ್ಡಣ್ಣ ರಾಮಣ್ಣ ಹಡಗಿಗೆ ಹೋದವ ಬರ್ಲೇ ಇಲ್ಲ. ಅವ ಸತ್ತ ದಿನ ಯಾರಿಗೆ ಗೊತ್ತು? ಅವ್ನ ಟ್ರಂಕು ಮನೆಗೆ ಬಂತು ನೋಡು, ಆ ದಿನವೇ ಎಡೆ ಇಡೂದು. ಟ್ರಂಕು ಬರೂವರೆಗೆ ನಮ್ಮತ್ತಿಗೆ ಮುತ್ತೈದೆ."

ಕೈಯಲ್ಲಿದ್ದ ಚಹಾ ಲೋಟ ಕೆಳಗಿಟ್ಟೆ. ಅಜ್ಜಿಯನ್ನು ನಾನು ಕೇಳಿದ್ದು 'ಆ ದಿನ ಯಾವುದು' ಎಂದು. ಅವಳು ಹೇಳಿದ್ದು ಊರು ಆಚರಿಸುವ ದಿನವನ್ನು. ಎಲ್ಲ ಊರುಗಳೂ ಕಡಲು ಕಿತ್ತುಕೊಂಡ ದಿನವನ್ನೇ ನೆನಪಿಡುತ್ತವೆ ಎಂದು ನಾನು ಅಂದುಕೊಂಡಿದ್ದೆ. ಕೂಡಲೇ ಸಣ್ಣಳಿವೆಗೆ ಫೋನು ಹಚ್ಚಿದೆ.

"ಅಜ್ಜಿ, ಬಹುಳ ಚೌತಿ ದಿನ ಏನಾಯ್ತು? ಗಾಳಿ ಬಂತಾ?"

"ಇಲ್ಲ ತಂಗಿ. ಬಲೆ ಬಂತು." ಆ ಕಡೆಯಿಂದ ಅವಳ ಉಸಿರು ಕೇಳಿಸುತ್ತಿತ್ತು. "ಬಲೆ ಹರ್ದು ಚಿಂದಿಯಾಗಿ ತೇಲಿ ದಂಡೆಗೆ ಬಂತು. ಹಗ್ಗದ ತುದಿಗೆ ಅಪ್ಪನ ದೋಣಿ ಅಡ್ಡಹಲಗೆ ಕಟ್ಕಂಡೇ ಇತ್ತು. ಅದನ್ನ ನೋಡ್ದ ಮೇಲೇ ಅಮ್ಮನ ಕುಂಕುಮ ಅಳಿಸಿದ್ದು. ಅಲ್ಲೀವರೆಗೆ ಅಮ್ಮ ದಿನಾ ದಂಡೆ ಮೇಲೆ ಕೂತ್ಕಂತಿದ್ಲು. ಎಷ್ಟು ದಿನ ಅಂತ ನಂಗೆ ತಿಳೀದು, ನಾನು ಸಣ್ಣೋಳು."

ಆ ನಿಶ್ಚಲ ಕಡಲನ್ನು ತಾನು ನೋಡಿದ್ದೆ ಎಂದು ಅವಳು ಯಾಕೆ ಅಂದಳು ಎಂಬುದು ಆಗ ಅರ್ಥವಾಯಿತು. ಯಂತ್ರ ತಪ್ಪು ಹೇಳಿರಲಿಲ್ಲ. ಬಲೆ ಬಂದ ದಿನವನ್ನು ಇದ್ದ ಹಾಗೇ ತೋರಿಸಿತ್ತು.

ಮರುದಿನ ಆಗ್ನೆಲ್‌ನನ್ನು ಕೂರಿಸಿಕೊಂಡೆ. ಆಗ್ನೆಲ್ ಫರ್ನಾಂಡಿಸ್ ನಮ್ಮಲ್ಲಿ ಅಲೆಗಳ ಲೆಕ್ಕ ನೋಡುವವನು. ಸದಾಶಿವಗಡದ ಹುಡುಗ, ಮಾತು ಕಡಿಮೆ. ನಗಬೇಕಾದಲ್ಲೂ ತಲೆಯಾಡಿಸಿ ಮುಗಿಸುತ್ತಾನೆ. ಹದಿನೈದರಿಂದ ಹಿಂದಕ್ಕೆ, ವಾರಕ್ಕೊಂದರಂತೆ, ಒಂದೊಂದೇ ದಿನ ಕಟ್ಟುತ್ತಾ ಹೋದೆವು. ಹದಿನಾಲ್ಕು ಶಾಂತ. ಹದಿಮೂರಕ್ಕೆ ಸ್ವಲ್ಪ ಅಲೆ. ಹನ್ನೆರಡಕ್ಕೆ ಹೋದಾಗ ಹಾಲ್‌ನ ಫ್ಯಾನುಗಳು ಒಮ್ಮೆಲೇ ಗುಡುಗಿದವು, ಪಕ್ಕದ ಕೋಣೆಯಲ್ಲಿ ನನ್ನ ಕಾಗದಪತ್ರ ಎಲ್ಲ ಹಾರಿಹೋಯಿತು.

ಸಣ್ಣ ಬಿರುಗಾಳಿ ಅದು, ಸಣ್ಣದು ಅಂದರೆ ಅಗಲದಲ್ಲಿ. ಅಗಲ ಕಡಿಮೆ, ಸಿಟ್ಟು ವಿಪರೀತ. ನೆಲ ಮುಟ್ಟದೆ ಕಡಲಿನ ಮೇಲೇ ಸುತ್ತಿ ಉತ್ತರಕ್ಕೆ ಹೋಗಿ ಸತ್ತಿತ್ತು. ಯಾವ ಪಟ್ಟಣದ ಹೆಂಚೂ ಹಾರಿರಲಿಲ್ಲ, ಆದ್ದರಿಂದ ಯಾವ ಪತ್ರಿಕೆಯೂ ಬರೆದಿರಲಿಲ್ಲ. ಅಂದು ಹುಣ್ಣಿಮೆಯ ಮರುದಿನ. ಮಧ್ಯಾಹ್ನ ದೊಡ್ಡ ಇಳಿತ. ಹೊಳೆಯ ನೀರು ಹೊರಕ್ಕೆ ನುಗ್ಗುತ್ತಿದೆ, ಕಡಲಿನ ಅಲೆ ಒಳಕ್ಕೆ ನುಗ್ಗುತ್ತಿದೆ, ನಡುವೆ ಮರಳಿನ ದಿಬ್ಬ. ಅಲೆಗಳು ಅಲ್ಲಿ ಗೋಡೆಯಂತೆ ನಿಂತು ಒಡೆಯುತ್ತಿದ್ದವು. ನಾನು ನೂರಾರು ಚಂಡಮಾರುತ ನೋಡಿದವಳು. ಆದರೂ ಆ ಅಳಿವೆಯ ಬಾಯಿ ನೋಡಿ ಒಂದು ಹೆಜ್ಜೆ ಹಿಂದಕ್ಕೆ ಇಟ್ಟೆ.

"ಆ ಎರಡು ದೋಣಿಗಳನ್ನು ಹಾಕು," ಎಂದೆ.

ಆಗ್ನೆಲ್ ಅಂದಿನ ಅಳತೆಯ ಎರಡು ದೋಣಿಗಳನ್ನು ಲೆಕ್ಕಕ್ಕೆ ಸೇರಿಸಿದ. ದಿಬ್ಬದ ಮೇಲೆ ಬಂದೊಡನೆ ಎರಡೂ ಮಗುಚಿದವು. ಹೊತ್ತು ಹಿಂದೆ ಮುಂದೆ ಮಾಡಿದ, ಎಡಕ್ಕೆ ಬಲಕ್ಕೆ ತಂದ, ತೂಕ ಬದಲಿಸಿದ. ಮಗುಚುವುದು ತಪ್ಪಲಿಲ್ಲ. ಸಾಯಂಕಾಲದ ಹೊತ್ತಿಗೆ ಅವನ ಕಣ್ಣು ಕೆಂಪಾಗಿತ್ತು.

"ಮೇಡಂ, ಇವು ಒಳಗೆ ಬರಲು ಸಾಧ್ಯವೇ ಇಲ್ಲ."

"ಬಂದಿವೆಯಲ್ಲ ಮಾರಾಯಾ. ಆ ದೋಣಿಯಲ್ಲಿದ್ದವನ ಮೊಮ್ಮಗ ಮೊನ್ನೆ ಇಲ್ಲೇ ನಿಂತಿದ್ದ."

"ಹಾಗಾದರೆ ಅಲ್ಲಿ ಇನ್ನೇನೋ ಇತ್ತು. ಅಲೆಯ ತಲೆ ಒಡೆಯದ ಹಾಗೆ ತಡೆಯುವಂಥದ್ದು. ಅದು ನನ್ನ ಲೆಕ್ಕದಲ್ಲಿಲ್ಲ."

ಬಂದವರ ಬಾಯಿಂದ ಕೇಳಿದವನು ಹಮ್ಮಣ್ಣನೊಬ್ಬನೇ. ಅವನನ್ನು ಕರೆಸಿದೆವು. ಬರಲು ಮನಸ್ಸಿರಲಿಲ್ಲ, ಆದರೂ ಬಂದ. ತನ್ನ ಅಜ್ಜನ ದೋಣಿ ಲೆಕ್ಕದಲ್ಲಿ ಪದೇಪದೇ ಮಗುಚುವುದನ್ನು ಕೈಕಟ್ಟಿ ನಿಂತು ನೋಡಿದ. ಅವನ ಸ್ವಾಭಿಮಾನಕ್ಕೆ ಪೆಟ್ಟು ಬಿದ್ದಿತು.

"ನಮ್ಮಜ್ಜ ಹಿಂಗೆಲ್ಲ ದೋಣಿ ಮಗುಚೂ ಗಿರಾಕಿ ಅಲ್ಲ," ಎಂದ. "ಅವ ಹೇಳೂದು ನಂಗೆ ಬಾಯಿಪಾಠ ಅದೆ. ಕಡಲು ಆಚೆ ಈಚೆ ಎಲ್ಲ ಕುದೀತಿತ್ತಂತೆ. ಅಳಿವೆ ನಡೂ ಮಾತ್ರ ಒಂದು ಪಟ್ಟಿ, ಚಾಪೆ ಹಾಸ್ದಂಗೆ. ತೇಲಾಡ್ತಾ ಬಂದ್ವು ಅಂತಿದ್ದ. ನಮ್ಮಜ್ಜಿ ಅದ್ಕೇ ನಗಾಡೂದು. ಗಂಡ ಕಡಲಿಂದ ಬಂದನೋ ಎಣ್ಣೆ ಗಾಣದಿಂದ ಬಂದನೋ ತಿಳೀಲಿಲ್ಲ, ಮೈಯೆಲ್ಲ ತಾರ್ಲೆ ಎಣ್ಣೆ, ಬೂದಿ ಹಚ್ಚಿ ಎರಡು ದಿನ ತಿಕ್ಕಿದೆ ಅಂತ."

ಆಗ್ನೆಲ್ ಕುರ್ಚಿಯಿಂದ ಎದ್ದುನಿಂತ. "ಎಣ್ಣೆಯಾ?"

"ಹೌದಪ್ಪ. ಕಾರ್ತಿಕದ ತಾರ್ಲೆ ಅಂದ್ರೆ ಹಿಂಡಿದ್ರೆ ಎಣ್ಣೆ ಸುರೀತದೆ."

ಎಣ್ಣೆ ಬಿದ್ದ ನೀರಿನ ಮೇಲೆ ಗಾಳಿಗೆ ಹಿಡಿತ ಸಿಗುವುದಿಲ್ಲ. ಸಣ್ಣ ತೆರೆಗಳು ಏಳುವುದಿಲ್ಲ, ದೊಡ್ಡ ಅಲೆಯ ತಲೆ ಒಡೆಯುವುದಿಲ್ಲ. ಅಲೆ ಇರುತ್ತದೆ, ಆದರೆ ಕಚ್ಚುವುದಿಲ್ಲ, ಎತ್ತಿ ಇಳಿಸುತ್ತದೆ ಅಷ್ಟೇ. ಹಾಯಿಹಡಗಿನ ಕಾಲದ ನಾವಿಕರೆಲ್ಲ ಬಲ್ಲ ವಿದ್ಯೆ. ಅಳಿವೆಯ ಬಾಯಿಯಲ್ಲಿ ಮೀನು ತುಂಬಿದ ಒಂದು ದೊಡ್ಡ ಬಲೆ ಅಲೆಗೆ ಸಿಕ್ಕು ಜಜ್ಜಿಹೋದರೆ ಎಷ್ಟು ಎಣ್ಣೆ ಬರುತ್ತದೆ ಎಂದು ಆಗ್ನೆಲ್ ಲೆಕ್ಕ ಹಾಕಿದ. ಬಲೆಯ ಹಗ್ಗ, ಮರದ ತೇಲುಬೆಂಡುಗಳ ಭಾರವನ್ನೂ ಸೇರಿಸಿದ. ಬಲೆ ಹಾಸಿದಲ್ಲೇ ನಿಂತಿದೆ ಎಂದು ಸದ್ಯಕ್ಕೆ ಹಿಡಿದು ಎರಡು ದೋಣಿ ಬಿಟ್ಟ.

ನಯವಾದ ಪಟ್ಟಿಯೊಂದು ದಿಬ್ಬದ ಮೇಲೆ ಹಾಸಿಕೊಂಡಿತು. ಮೊದಲ ದೋಣಿ ಏರಿ, ಇಳಿದು, ಒಳಗೆ ಬಂತು. ಅದರ ಹಿಂದೆಯೇ ಎರಡನೆಯದು. ಹಮ್ಮಣ್ಣ ಕುರ್ಚಿಯ ಬೆನ್ನು ಹಿಡಿದುಕೊಂಡ.

ಖುಷಿಯಿಂದ ಕೂಗುವವಳಿದ್ದೆ. ಆದರೆ ಹಮ್ಮಣ್ಣ ಸುಲಭಕ್ಕೆ ಬಗ್ಗುವವನಲ್ಲ. "ಆಯ್ತು ಅಕ್ಕೋರೆ, ಬಲೆ ಬಿದ್ದದ್ದಕ್ಕೆ ಎಣ್ಣೆ ಬಂತು. ಅವ ಬೇಕಂತ್ಲೇ ಬಿಟ್ಟನೋ, ಭಾರ ಕಡಿಮೆ ಮಾಡ್ಕಂಡು ಓಡೂಕೆ ಬಿಟ್ಟನೋ? ಅದನ್ನ ನಿಮ್ಮ ಮಿಶನ್ನು ಹೇಳ್ತದಾ?"

ಹೇಳುವುದಿಲ್ಲ. ಮನುಷ್ಯನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಯಾವ ಭೂಕಂಪದ ಕಾಗದವೂ ಗೀಚಿಟ್ಟಿರುವುದಿಲ್ಲ. ಆಗ್ನೆಲ್ ಮಾತ್ರ ಮೂರನೆಯ ದೋಣಿಯನ್ನು ಹಾಕಿದ.

"ಅವನು ಎಲ್ಲರಿಗಿಂತ ಮುಂದೆ ಇದ್ದ, ಅಲ್ಲವಾ?" ಎಂದು ಕೇಳಿದ.

"ಹೌದು. ಅಳಿವೆಗೆ ಅವಂದೇ ಹತ್ರ."

"ಹಾಗಾದರೆ ಬಲೆ ಬಿಟ್ಟು ಅವನು ಒಳಗೆ ಬರಲಿ, ನೋಡೋಣ."

ಜಟ್ಟಿಯ ದೋಣಿ ಬಲೆ ಚೆಲ್ಲಿ ನೇರ ಒಳಗೆ ನುಗ್ಗಿತು. ಆರಾಮವಾಗಿ ಬಂತು. ಐದೂ ಜನ ದಂಡೆ ಸೇರಿದರು. ಆದರೆ ಹಿಡಿಯುವವರಿಲ್ಲದ ಬಲೆ ಅಲೆಗೆ ಮುದ್ದೆಯಾಗಿ ಒಂದು ಮೂಲೆಗೆ ಸರಿಯಿತು. ಪಟ್ಟಿ ಹರಿದುಹೋಯಿತು. ಹಿಂದಿನ ದೋಣಿಗಳು ದಿಬ್ಬಕ್ಕೆ ಬರುವಷ್ಟರಲ್ಲಿ ಅಲೆ ಮತ್ತೆ ಗೋಡೆಯಾಗಿ ನಿಂತಿತ್ತು. ಎರಡೂ ಮಗುಚಿದವು. ಆಗ್ನೆಲ್ ಮತ್ತೆ ಮಾಡಿದ. ಮತ್ತೂ ಮಗುಚಿದವು.

"ಬಲೆಯ ಹೊರತುದಿಯನ್ನು ಯಾರಾದರೂ ಕಡಲಿನ ಕಡೆಗೆ ಎಳೆದು ಹಿಡಿದರೆ ಮಾತ್ರ ಪಟ್ಟಿ ನಿಲ್ಲುತ್ತದೆ," ಎಂದ ಆಗ್ನೆಲ್. "ಅದಕ್ಕೆ ದೋಣಿಯನ್ನು ಹೊರಕ್ಕೆ ತಿರುಗಿಸಲೇಬೇಕು."

ಹಾಗೆ ತಿರುಗಿಸಿದ. ಪರದೆಯ ಮೇಲೆ ಆ ಸಣ್ಣ ದೋಣಿ ಗಾಳಿಗೆ ಎದುರಾಗಿ, ಹಗ್ಗ ಕಟ್ಟಿಕೊಂಡು, ತನಗಿಂತ ಎತ್ತರದ ಅಲೆಗಳಿಗೆ ಮೂತಿ ಕೊಟ್ಟು ಹುಟ್ಟು ಹಾಕುತ್ತಿತ್ತು. ಅದರ ಬೆನ್ನ ಹಿಂದೆ ನೀರು ಹಾಸಿದಂತೆ ಮಲಗಿತು. ಮೊದಲ ದೋಣಿ ಬಂತು. ಎರಡನೆಯದೂ ಬಂತು. ಸಣ್ಣಳಿವೆಯ ದಂಡೆಯಿಂದ ಆ ಮಳೆಯಲ್ಲಿ ನೋಡಿದವರಿಗೆ ಒಬ್ಬ ಬಲೆ ಚೆಲ್ಲಿ ಓಡಿದಂತೆಯೇ ಕಂಡಿರಬೇಕು. ಅವರ ಕಣ್ಣಿನದು ತಪ್ಪಲ್ಲ.

ಅಜ್ಜಿ ಫೋನಿನಲ್ಲಿ ಹೇಳಿದ್ದನ್ನು ಹಮ್ಮಣ್ಣನಿಗೆ ನೆನಪಿಸಿದೆ: ದಂಡೆಗೆ ಬಂದ ಬಲೆಯ ಹಗ್ಗಕ್ಕೆ ಅಡ್ಡಹಲಗೆ ಕಟ್ಟಿಕೊಂಡೇ ಇತ್ತು. ಊರೆಲ್ಲ ನೋಡಿದ ಹಲಗೆ ಅದು. ಹಗ್ಗ ಬಿಚ್ಚಿದ್ದರೆ ಜಟ್ಟಿ ಹಗುರಾಗಿ ಅಲೆಯ ಮೇಲೆ ತೇಲಿಕೊಂಡು ಗಾಳಿ ಇಳಿಯುವವರೆಗೆ ಕಾಯಬಹುದಿತ್ತು. ಅಂದು ಸಂಜೆಗೆ ಗಾಳಿ ಇಳಿದಿತ್ತು ಎಂದು ಯಂತ್ರವೇ ಹೇಳುತ್ತದೆ. ಅವನು ಬಿಚ್ಚಲಿಲ್ಲ. ಒಂದು ಹಲಗೆ ಕಿತ್ತುಬರುವವರೆಗೆ ಐದು ಜನರ ದೋಣಿ ಊರಿನ ಬಲೆಯನ್ನು ಹಿಡಿದುಕೊಂಡಿತ್ತು. ಐದು ಜನರದೂ ಒಂದೇ ಮನಸ್ಸಿರಬೇಕು. ಅಂಥ ಕಡಲಿನಲ್ಲಿ ನಾಲ್ಕು ಹುಟ್ಟುಗಳಲ್ಲಿ ಒಂದು ಒಲ್ಲೆ ಅಂದಿದ್ದರೂ ದೋಣಿ ಅಷ್ಟು ಹೊತ್ತು ನೆಟ್ಟಗೆ ನಿಲ್ಲುತ್ತಿರಲಿಲ್ಲ.

"ಮುಂದೆ ನೋಡೂದು ಬೇಡ," ಎಂದ ಹಮ್ಮಣ್ಣ.

ಆಗ್ನೆಲ್ ಯಂತ್ರ ನಿಲ್ಲಿಸಿದ. ದೋಣಿ ಅಲೆಯ ನೆತ್ತಿಯ ಮೇಲೆ ಹಾಗೇ ನಿಂತಿತು. ನಾನು ಈ ಕೆಲಸಕ್ಕೆ ಸೇರಿದಾಗಿನಿಂದ ಗಾಳಿಗಳನ್ನು ಮೆಚ್ಚಿಕೊಂಡು ಬಂದವಳು. ಎಂಥ ವೇಗ, ಎಂಥ ಸುತ್ತು ಎಂದು ಬಾಯಿಬಿಟ್ಟು ನೋಡಿದವಳು. ಅಂದು ಮೊದಲ ಬಾರಿಗೆ ಗಾಳಿ ನನಗೆ ಕಾಣಲೇ ಇಲ್ಲ. ಅದರ ಎದುರಿಗಿದ್ದ ಐದು ಜನ ಮಾತ್ರ ಕಂಡರು. ಹೆದರಿಕೆಯಾಗದೆ ಇರಲು ಅವರೇನು ಕಲ್ಲೇ? ಆಗಿರುತ್ತದೆ. ಜಟ್ಟಿಗೆ ಮನೆಯಲ್ಲಿ ಆರು ವರ್ಷದ ಮಗಳಿದ್ದಳು. ಒಳಗೆ ಬರುವ ದಾರಿ ಕಣ್ಣೆದುರೇ ಇತ್ತು, ಅದನ್ನು ಅವರೇ ಮಾಡಿಕೊಂಡಿದ್ದರು, ಮಾಡಿ ಬೇರೆಯವರಿಗೆ ಬಿಟ್ಟುಕೊಟ್ಟರು. ನನಗೆ ಕೈಮುಗಿಯಬೇಕು ಅನ್ನಿಸಿತು, ಮುಗಿದೆ. ಆಗ್ನೆಲ್ ಶಿಲುಬೆಯ ಗುರುತು ಮಾಡಿ ತಲೆ ಬಗ್ಗಿಸಿ ಕೂತ.

ಹಮ್ಮಣ್ಣ ಹೊರಗೆ ಹೋಗಿ ಬಹಳ ಹೊತ್ತು ಕಡಲಿನ ಕಡೆ ಮುಖ ಮಾಡಿ ನಿಂತಿದ್ದ. ವಾಪಸು ಬಂದಾಗ ಕೇಳಿದ್ದು ಒಂದೇ ಮಾತು. "ಇದನ್ನ ಊರವ್ರಿಗೆಲ್ಲ ತೋರಿಸ್ತ್ರಾ ಅಕ್ಕೋರೆ?"

ತೋರಿಸಿದೆವು. ಎರಡು ಬಸ್ಸು ತುಂಬ ಬಂದರು. ಸತ್ತ ನಾಲ್ವರ ಮನೆಯವರು ಎಲ್ಲರಿಗಿಂತ ಮುಂದೆ ನಿಂತರು. ದೋಣಿ ತಿರುಗಿದಾಗ ಅವರಲ್ಲೊಬ್ಬ ಹೆಂಗಸು, "ನಮ್ಮಜ್ಜನೂ ಹುಟ್ಟು ಹಿಡಿದಿದ್ದ, ನೋಡಿ," ಎಂದು ಜೋರಾಗಿ ಅಂದಳು. ಅಷ್ಟು ವರ್ಷ ಅವರ ಹಿರಿಯರು ಯಾರದೋ ಹೇಡಿತನಕ್ಕೆ ಬಲಿಯಾದ ಬಡಪಾಯಿಗಳು ಎನಿಸಿಕೊಂಡಿದ್ದರು. ತುಳಸಜ್ಜಿ ಮಾತ್ರ ಬರಲಿಲ್ಲ. ಅಪ್ಪನನ್ನು ಆ ನೀರಿನಲ್ಲಿ ನೋಡಲಾರೆ ಎಂದು ಹೇಳಿಕಳಿಸಿದ್ದಳು.

ಆ ವರ್ಷ ಕಾರ್ತಿಕ ಬಹುಳ ಚೌತಿಗೆ ನಾನೂ ಆಗ್ನೆಲ್‌ನೂ ಸಣ್ಣಳಿವೆಗೆ ಹೋದೆವು. ಜತೆಗೆ ಬರುತ್ತೇನೆಂದು ಹಟ ಹಿಡಿದ ಅತ್ತೆಯೂ ಇದ್ದರು. ಸಂಜೆಯ ಬಿಸಿಲು, ಊರೆಲ್ಲ ದಂಡೆಯ ಮೇಲೆ. ಹಮ್ಮಣ್ಣ ನೀರಿನಲ್ಲಿ ಮೊಣಕಾಲಿನವರೆಗೆ ಇಳಿದು, ಬಾಯಿಗೆ ಕೈ ಅಡ್ಡ ಹಿಡಿದು ಹೆಸರು ಕೂಗಲು ಶುರುಮಾಡಿದ. ಒಂದೊಂದು ಹೆಸರಿಗೂ ಆ ಮನೆಯವರು ಹಿಂದಿನಿಂದ, "ಹೋಯ್, ಮನೆ ಇಲ್ಲೇ ಅದೆ, ಬಾ!" ಎಂದು ಕೂಗಿ ಉತ್ತರ ಕೊಡುತ್ತಿದ್ದರು. ಕಡಲಿನಲ್ಲಿ ದಿಕ್ಕು ತಪ್ಪಿದವರಿಗೆ ದನಿ ಹಿಡಿದು ಬರಲು ಅನುಕೂಲವಾಗಲಿ ಎಂದಂತೆ. ಮನೆಯವರು ಮಾತ್ರ ಉತ್ತರಿಸಬೇಕು, ಬೇರೆಯವರು ಬಾಯಿ ತೆರೆಯುವಂತಿಲ್ಲ.

ನಾಲ್ಕು ಹೆಸರು ಮುಗಿದವು. ಹಮ್ಮಣ್ಣ ಒಂದು ಸಲ ಹಿಂದಿರುಗಿ ತುಳಸಜ್ಜಿಯ ಕಡೆ ನೋಡಿದ. ಅವಳು ಹೊಸ ಸೀರೆ ಉಟ್ಟು ನಿಂತಿದ್ದಳು. ಅವನು ಕಡಲಿನ ಕಡೆ ತಿರುಗಿ, ಇದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದ.

"ಜಟ್ಟಿ ತಾಂಡೇಲಾ!"

ಅಜ್ಜಿ ಬಾಯಿ ತೆರೆದಳು. ಅವಳ ದನಿ ಹೊರಡುವ ಮೊದಲೇ ಇಡೀ ದಂಡೆ ಕೂಗಿತು. "ಹೋಯ್, ಮನೆ ಇಲ್ಲೇ ಅದೆ, ಬಾ!" ಆ ಎರಡು ದೋಣಿಗಳಲ್ಲಿ ಬಂದವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು, ಕಂಕುಳಲ್ಲಿದ್ದ ಕೂಸಿನ ಕೈ ಎತ್ತಿ ಹಿಡಿದ ತಾಯಂದಿರು, ಮೀನು ಲಾರಿಯ ಚಾಲಕ, ಶಾಲೆಯ ಅಕ್ಕೋರು, ಎಲ್ಲರೂ ಕೂಗಿದರು. ಆಗ್ನೆಲ್ ಜನರನ್ನು ನೋಡುತ್ತಾ ಮೂಗು ಒರೆಸಿಕೊಂಡ. ನಮ್ಮತ್ತೆ ಆ ಊರಿನವರೇ ಅಲ್ಲ, ಅವರೂ ಕೂಗಿದರು.

ತುಳಸಜ್ಜಿಗೆ ಸಿಟ್ಟು ಬಂತು. ಕಣ್ಣಲ್ಲಿ ನೀರು ಸುರಿಯುತ್ತಿದ್ದ ಹಾಗೇ ತಿರುಗಿ ನಿಂತು ಊರಿಗೆಲ್ಲ ಬೈದಳು. "ಸುಮ್ನಿರ್ರೋ! ಎಷ್ಟು ವರ್ಷದ ಮೇಲೆ ಬರ್ತಾ ಇದಾನೆ, ದಾರಿ ತಪ್ಪಿಸ್ತ್ರಿ! ಅವ ನಮ್ಮಪ್ಪ. ನಮ್ಮನೆಗೆ ಬರೂದು!"

"ಇಲ್ಲ ತುಳಸಕ್ಕಾ," ಎಂದ ಹಮ್ಮಣ್ಣ ನೀರಿನಿಂದಲೇ. ಅವನ ಬಿಗಿದ ಮುಖ ಅಷ್ಟೊತ್ತಿಗೆ ಪೂರ್ತಿ ಒದ್ದೆಯಾಗಿತ್ತು. "ಈ ಸಲ ನಮ್ಮನೆಗೆ ಬರ್ಲಿ. ನಾವು ಎಡೆ ಮಾಡಿಟ್ಟಿದೇವೆ."

"ನಾವೂ ಮಾಡಿದೇವೆ," ಎಂದಿತು ಗುಂಪಿನಿಂದ ಒಂದು ದನಿ. ಅದರ ಹಿಂದೆ ಇನ್ನೊಂದು, ಮತ್ತೊಂದು. ಜಟ್ಟಿ ತಾಂಡೇಲ ಯಾರ ಮನೆಗೆ ಉಣ್ಣಲು ಬರಬೇಕು ಎಂದು ದಂಡೆಯ ಮೇಲೆ ಜಗಳವೇ ಶುರುವಾಯಿತು. ಅಜ್ಜಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಇಡೀ ಊರಿನ ಎದುರು ಒಬ್ಬಳೇ ನಿಂತು ವಾದಿಸಿದಳು, ಒಂದಿಂಚೂ ಬಿಟ್ಟುಕೊಡಲಿಲ್ಲ. ಕೊನೆಗೆ ಅವಳೇ ಗೆದ್ದಳು. ಊರಿನವರು ತಂತಮ್ಮ ಮನೆಯ ಎಡೆಗಳನ್ನು ಎತ್ತಿಕೊಂಡು ಬಂದು ಅವಳ ಜಗಲಿಯ ಮೇಲೆ ಸಾಲಾಗಿ ಇಟ್ಟರು. ಎಲ್ಲರೂ ಅಲ್ಲೇ ಉಂಡು ಹೋದರು.